ಕರಪತ್ರ ಹಿಡಿದ ಮೇಷ್ಟ್ರುಗಳು

ದ್ವಿತೀಯ ಪಿಯು ಫಲಿತಾಂಶ ಪ್ರಕಟವಾಗುವ ಮುನ್ನವೇ ಮಂಡ್ಯ ಜಿಲ್ಲೆಯ ಬಸ್ ನಿಲ್ದಾಣಗಳ ಸುತ್ತ ಕಾಲೇಜುಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ಖಾಸಗಿ ಕಾಲೇಜುಗಳ ಎಷ್ಟೋ ಉಪನ್ಯಾಸಕರು ಕರಪತ್ರ ಹಿಡಿದು ಮದ್ದೂರು, ಮಳವಳ್ಳಿ, ಪಾಂಡವಪುರದ ಹಳ್ಳಿಗಳಲ್ಲಿ ಮನೆಮನೆ ಸುತ್ತುತ್ತಾರೆ. ತಲಾ ಇಷ್ಟು ಅಡ್ಮಿಷನ್ ತರಲೇಬೇಕೆಂದು ಗುರಿ ನಿಗದಿ ಮಾಡುವ ಆಡಳಿತ ಮಂಡಳಿಗಳೂ ಇವೆ. ಸೀಟು ತುಂಬಿಸಿದ ಮೇಷ್ಟ್ರಿಗೆ ಸಿಗುವ ಮರ್ಯಾದೆ ಚೆನ್ನಾಗಿ ಪಾಠ ಮಾಡಿದವರಿಗೆ ಸಿಗುವುದಿಲ್ಲವೆಂದಾದರೆ, ಈ ಪೈಪೋಟಿಯಿಂದ ಶಿಕ್ಷಣದ ಗುಣಮಟ್ಟ ಏರುತ್ತದೆಂಬ ಮಾತನ್ನು ನಾನಂತೂ ನಂಬಲಾರೆ.

ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ಗುಟ್ಟೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಫಲವಂತಿಕೆ ದರ (ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ಸಂಖ್ಯೆ) 1.7, ಒಂದು ತಲೆಮಾರಿನ ಜಾಗವನ್ನು ಇನ್ನೊಂದು ತಲೆಮಾರು ತುಂಬಲು ಬೇಕಾದದ್ದು 2.1. ಇಂದು ಹುಟ್ಟಿದ ಮಗು ಪದವಿ ತರಗತಿಗೆ ಬರುವುದು 18 ವರ್ಷಗಳ ನಂತರವಾದ್ದರಿಂದ, ಯಾವ ವರ್ಷ ಎಷ್ಟು ಸೀಟು ಬೇಕಾದೀತೆಂದು ಅಂದಾಜು ಮಾಡಲು ಇದಕ್ಕಿಂತ ಹೆಚ್ಚಿನ ಕಾಲಾವಕಾಶ ಯಾವ ಇಲಾಖೆಗೂ ಸಿಗಲಾರದು.

ಇರುವ ಮಕ್ಕಳೂ ಸಮನಾಗಿ ಹಂಚಿಹೋಗುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ಸಡಿಲಿಸಿದ್ದರಿಂದ, ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಳ್ಳುವ ದಾರಿ ತೆರೆಯಿತು. ಅದರ ಪೆಟ್ಟು ಬೀಳುವುದು ಜಿಲ್ಲಾ ಕೇಂದ್ರಗಳ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಿಗೆ. ಬಿ.ಎ. ತರಗತಿಗಳ ಕಥೆ ಬೇರೆ. 2023ರ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿದ ಮೇಲೆ ಶ್ರೀರಂಗಪಟ್ಟಣದ ಹುಡುಗಿ ಮೈಸೂರಿನ ಕಾಲೇಜನ್ನೇ ಆರಿಸಿಕೊಂಡರೆ ಅದನ್ನು ತಪ್ಪೆನ್ನಲಾಗದು (ನನ್ನ ಮಗಳಾಗಿದ್ದರೆ ನಾನೂ ಅಲ್ಲಿಗೇ ಕಳುಹಿಸುತ್ತಿದ್ದೆ). ಆದರೆ ತಾಲ್ಲೂಕು ಕಾಲೇಜಿನಲ್ಲಿ ಒಂದು ಕಾಂಬಿನೇಷನ್ (ಒಟ್ಟಿಗೆ ಓದುವ ವಿಷಯಗಳ ಗುಂಪು) ನಿಂತರೆ ಮೇಷ್ಟ್ರುಗಳ ಪಾಠದ ಕಾರ್ಯಭಾರ ಇಳಿಯುತ್ತದೆ, ಮೊದಲು ಮನೆಗೆ ಹೋಗುವವರು ಅತಿಥಿ ಉಪನ್ಯಾಸಕರು. ಊರು ಬಿಟ್ಟು ಹೋಗಲಾಗದ ಬಡ ವಿದ್ಯಾರ್ಥಿಗೆ ಆಮೇಲೆ ಉಳಿಯುವುದು ಮೇಷ್ಟ್ರಿಲ್ಲದ ಕೊಠಡಿ.

ಸರ್ಕಾರ ಎಚ್ಚೆತ್ತುಕೊಳ್ಳುವ ರೀತಿಯೂ ವಿಚಿತ್ರವಾದದ್ದು. ಮೊದಲು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿ, 2025ರಲ್ಲಿ ಸಂಪುಟ ಉಪಸಮಿತಿಯ ಮೂಲಕ ಅವುಗಳನ್ನು ಮುಚ್ಚುವ ಮಾತೆತ್ತಿತು. ಮಂಡ್ಯ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಅಲ್ಲಿ ಆಗಷ್ಟೇ ಸೇರಿದ್ದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಯ ಮೇಲೆ ಯಾವ ಹೆಸರಿರುತ್ತದೆಂದು ಚಿಂತಿಸಿದ್ದರೆ ಅದು ಅವರ ತಪ್ಪಲ್ಲ.

ಸರ್ಕಾರಕ್ಕೆ ಅಕ್ಕಪಕ್ಕದ ಕಾಲೇಜುಗಳ ಸಣ್ಣ ವಿಭಾಗಗಳನ್ನು ಒಂದುಗೂಡಿಸಬೇಕೆಂದಿದ್ದರೆ ಪ್ರವೇಶ ಆರಂಭವಾಗುವ ಮೊದಲೇ ಒಂದುಗೂಡಿಸಲಿ, ಆ ಮಾರ್ಗದ ಬಸ್ಸನ್ನು ಕಾಲೇಜಿನ ವೇಳೆಗೆ ಓಡಿಸಲಿ. ಪೋಷಕರು ಫ್ಲೆಕ್ಸ್‌ನಲ್ಲಿರುವ ಪ್ಲೇಸ್‌ಮೆಂಟ್ ಸಂಬಳವನ್ನು ಓದುವುದರ ಜೊತೆಗೆ, ಆ ವಿಷಯಕ್ಕೆ ಎಷ್ಟು ಮಂದಿ ಕಾಯಂ ಅಧ್ಯಾಪಕರಿದ್ದಾರೆ, ಕಳೆದ ವರ್ಷ ಎಷ್ಟು ಮಂದಿ ಬಿಟ್ಟುಹೋದರು ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಲಿ. ಉತ್ತರ ಕೊಡಲು ತಡವರಿಸುವ ಕಾಲೇಜಿಗೆ ಶುಲ್ಕ ಕಟ್ಟುವ ಅವಸರ ಬೇಡ.