ಥಂಡಿ ಸರ್, ಥಂಡಿ!

ಜೂನ್ ಹಿಡಿದು ಮಡಿಕೇರಿಯಲ್ಲಿ ನೀಲಿ ಆಕಾಶ ಕಂಡವರಿಲ್ಲ. ನನಗೆ ಮಾತ್ರ ದಿನಾ ನೀಲಿಯ ದರ್ಶನ. ಕಂಪ್ಯೂಟರಿಗೆ ಹೊಸ ರ್‍ಯಾಮ್ (ಮೆಮೊರಿ ಪಟ್ಟಿ) ಹಾಕಿಸಿದ್ದೇ ತಡ, ಕೆಲಸದ ನಡುವೆ ಪರದೆ ಪೂರ್ತಿ ನೀಲಿಯಾಗಿ, ಎಡಕ್ಕೆ ಒಂದು ಸಪ್ಪೆ ಮೋರೆ ಮೂಡಲು ಶುರುವಾಯಿತು. 2012ರಲ್ಲಿ ವಿಂಡೋಸ್ 8ರ ಜೊತೆ ಹುಟ್ಟಿದ ಮೋರೆಯಂತೆ ಅದು. ಅದಕ್ಕೆ ಮೊದಲೆಲ್ಲ ಕಂಪ್ಯೂಟರು ಬರೀ ಅಕ್ಷರ ಉಗುಳಿ ಸಾಯುತ್ತಿತ್ತು; ಈಗ ತಾನೇ ಕೆಟ್ಟು ತಾನೇ ಸಂತಾಪವನ್ನೂ ಸೂಚಿಸುತ್ತದೆ.

4 ಜಿಬಿ ಇದ್ದಾಗ ಅದು ನಿಧಾನ, ಆದರೆ ಸಂಭಾವಿತ. ಬ್ರೌಸರ್ ಒತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ತೆರೆದುಕೊಂಡು ಕಾಯುತ್ತಿರುತ್ತಿತ್ತು. 8 ಜಿಬಿಯ ಇನ್ನೊಂದು ಪಟ್ಟಿ ಸೇರಿಸಿ 12 ಮಾಡಿದ ಮೇಲೆ ಬ್ರೌಸರ್ ಚಕ್ಕನೆ ತೆರೆಯುತ್ತದೆ, ಕಂಪ್ಯೂಟರ್ ಅಷ್ಟೇ ಚಕ್ಕನೆ ಕಣ್ಣು ಮುಚ್ಚುತ್ತದೆ.

ಬೇರೆ ಊರಾಗಿದ್ದರೆ ನೋಡಿದವರು ‘ಹೊಸ ರ್‍ಯಾಮ್ ಸರಿ ಇಲ್ಲ’ ಅನ್ನುತ್ತಿದ್ದರು. ನಮ್ಮಲ್ಲಿ ಮಳೆಗಾಲದಲ್ಲಿ ಏನು ಕೆಟ್ಟರೂ ಅಪರಾಧಿ ಒಬ್ಬನೇ. ಬೆಂಕಿಕಡ್ಡಿ ಹತ್ತದಿದ್ದರೆ ಥಂಡಿ. ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಥಂಡಿ. ಬೆಲ್ಟಿಗೆ ಬೂಷ್ಟು, ಹಪ್ಪಳಕ್ಕೆ ಮೆತ್ತಗು, ಬಸ್ಸಿಗೆ ತಡ, ಸಾಲ ತೆಗೆದುಕೊಂಡವರ ಫೋನಿಗೆ ಸಿಗ್ನಲ್ ಇಲ್ಲ – ಎಲ್ಲಕ್ಕೂ ಮಳೆ. ಇದರಲ್ಲಿ ಮುಕ್ಕಾಲು ಪಾಲು ನಿಜವೂ ಹೌದು. ತೊಂದರೆ ಇರುವುದೇ ಅಲ್ಲಿ. ಕೆಟ್ಟ ಮಾಲು ಮಾರಿದವನು ಸೆಪ್ಟೆಂಬರ್ ಕಳೆಯುವವರೆಗೆ ಕೊಡಗಿನಲ್ಲಿ ಸಿಕ್ಕಿಬೀಳುವುದೇ ಇಲ್ಲ.

ದೊಡ್ಡಮ್ಮನ ಸಲಹೆ ಮೊದಲು ಬಂತು. “ಬಟ್ಟೆ ಒಣಗಿಸುವ ಬುಟ್ಟಿ ಮೇಲೆ ಒಂದು ಗಳಿಗೆ ಇಟ್ಟು ತೆಗಿ ಮಗಾ.” ಕೆಂಡದ ಮೇಲೆ ಬೆತ್ತದ ಬುಟ್ಟಿ ಕವುಚಿ ಬನಿಯನ್ನು ಒಣಗಿಸುವ ಮನೆಯಲ್ಲಿ ಇದಕ್ಕೆ ನಗುವಂತಿಲ್ಲ. ಪಕ್ಕದ ಮನೆಯವರು ಇನ್ನೂ ಆಧುನಿಕರು. ಬೀರುವಿನೊಳಗೆ ಬೂಷ್ಟು ಬರದಂತೆ ಬಲ್ಬು ಉರಿಸುತ್ತೇವಲ್ಲ, ಸಿಪಿಯು ಒಳಗೂ ಒಂದು ಝೀರೋ ಬಲ್ಬ್ ಹಾಕಿಸಿ ಎಂದರು.

ಕೊನೆಗೆ ಸಿಪಿಯುವನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ರ್‍ಯಾಮ್ ಮಾರಿದ ಹುಡುಗನ ಬಳಿಗೇ ಕುಶಾಲನಗರಕ್ಕೆ ಇಳಿದೆ. ಸುಂಟಿಕೊಪ್ಪದವರೆಗೆ ವೈಪರ್ ನಿಲ್ಲಲಿಲ್ಲ. ಆನೆಕಾಡು ದಾಟಿದ್ದೇ ರಸ್ತೆ ಒಣ, ಬಿಸಿಲು. ಮಡಿಕೇರಿಯವರಿಗೆ ಆ ಬಿಸಿಲು ಕಂಡರೆ ಸ್ವಲ್ಪ ಹೊಟ್ಟೆಯುರಿಯುತ್ತದೆ, ಅದಿರಲಿ.

ಅಂಗಡಿಯಲ್ಲಿ ನನ್ನ ಕಂಪ್ಯೂಟರ್ ಎದ್ದು ಕೂತ ಚೆಂದ ನೋಡಬೇಕಿತ್ತು! ಒಂದು ತಕರಾರಿಲ್ಲ. ಹುಡುಗ ತಪಾಸಣೆ ಆರಂಭಿಸಿದ. ಅವನ ತಪಾಸಣೆ ಅಂದರೆ ರಿಫ್ರೆಶ್. ಮೌಸಿನ ಬಲಗುಂಡಿ ಒತ್ತುತ್ತಾನೆ, ರಿಫ್ರೆಶ್ ಒತ್ತುತ್ತಾನೆ, ಐಕಾನುಗಳು ಒಮ್ಮೆ ಮಿಣುಕುತ್ತವೆ. ಮತ್ತೆ ಬಲಗುಂಡಿ, ಮತ್ತೆ ರಿಫ್ರೆಶ್. ಡೆಸ್ಕ್‌ಟಾಪಿನ ಚಿತ್ರವನ್ನು ಹೊಸದಾಗಿ ಬರೆಯುವುದು ಬಿಟ್ಟರೆ ಅದರಿಂದ ಏನೂ ಆಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲ ಅಂತಲ್ಲ. ಆದರೂ ದೃಷ್ಟಿ ತೆಗೆಯುವ ಅಜ್ಜಿಯ ಹಾಗೆ ಕಣ್ಣು ಅರ್ಧ ಮುಚ್ಚಿ, ತುಟಿ ಕುಣಿಸುತ್ತ ಮಾಡುತ್ತಲೇ ಇದ್ದ.

“ನೋಡಿ ಸರ್, ಎಷ್ಟ್ ಸ್ಮೂತಾಗಿದೆ.” ರಿಫ್ರೆಶ್.

“ಮನೇಲಿ ನಿಂತು ಹೋಗ್ತದಲ್ಲಪ್ಪ.”

“ಆಂಟಿವೈರಸ್ ಹಾಕ್ಸಿದ್ದೀರಾ?” ರಿಫ್ರೆಶ್.

“ಉಂಟು. ಪರದೆ ಮೇಲೆ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಅದೇ ಬಾಯಿಬಿಟ್ಟು ಹೇಳ್ತಾ ಉಂಟಲ್ಲ. ಮಾರನೇ ದಿನ ಬೇರೆ ಹೆಸರು ಹೇಳ್ತದೆ. ಹೀಗೆ ದಿನಕ್ಕೊಂದು ಹೆಸರು ಬಂದರೆ ರ್‍ಯಾಮ್ ಮೇಲೇ ಅನುಮಾನ ಅಂತೆ.”

“ರ್‍ಯಾಮ್ ಅಲ್ವೇ ಅಲ್ಲ ಸರ್. ಹಳೇದರ ಸ್ಪೀಡು 2400, ಹೊಸದರದ್ದು 3200. ಎರಡೂ 2400ಕ್ಕೆ ಇಳ್ಕೊಂಡು ಹೊಂದ್ಕೊಂಡು ಹೋಗುತ್ತೆ.” ಈ ಒಂದು ಮಾತು ಅವನು ಸರಿಯಾಗಿಯೇ ಹೇಳಿದ. ರಿಫ್ರೆಶ್. “ಎಲ್ಲಿ ಸರ್ ಮನೆ?”

“ಮಡಿಕೇರಿ.”

ಮೌಸ್ ನಿಂತಿತು. ಮುಖದಲ್ಲಿ ಬೆಳಕು. “ಹಂಗನ್ನಿ ಮತ್ತೆ! ಥಂಡಿ ಸರ್, ಥಂಡಿ.”

ರ್‍ಯಾಮ್ ಕಳಚಿ, ಮೇಜಿನ ಖಾನೆಯಿಂದ ಶಾಲೆ ಮಕ್ಕಳ ರಬ್ಬರ್ ತೆಗೆದು ಅದರ ಬಂಗಾರದ ಹಲ್ಲುಗಳನ್ನು ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದ. ಸರ್ವಿಸ್ ಚಾರ್ಜ್ ತೆಗೆದುಕೊಂಡ. ಮನೆಗೆ ಬಂದು ಸ್ವಿಚ್ ಹಾಕಿದೆ, ಸಪ್ಪೆ ಮೋರೆ.

ಮೆಮ್‌ಟೆಸ್ಟ್86 ಅಂತ ಒಂದು ತಂತ್ರಾಂಶ ಉಂಟು. ಪೆನ್‌ಡ್ರೈವಿನಿಂದ ಚಾಲೂ ಮಾಡಿದರೆ ವಿಂಡೋಸನ್ನು ಎಬ್ಬಿಸದೆಯೇ ರ್‍ಯಾಮಿನ ಮೂಲೆಮೂಲೆಗೂ ಏನೇನೋ ಬರೆದು, ವಾಪಸ್ ಓದಿ, ತಾಳೆ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ. ಗಂಟೆಗಟ್ಟಲೆ ಕರೆಂಟು! ಜುಲೈಯಲ್ಲಿ! ಮಡಿಕೇರಿಯಲ್ಲಿ! ಅದನ್ನು ಬರೆದ ಪುಣ್ಯಾತ್ಮರ ಊರಲ್ಲಿ ತಂತಿ ಮೇಲೆ ಸಿಲ್ವರ್ ಓಕ್ ಬೀಳುವುದಿಲ್ಲ ಅಂತ ಕಾಣುತ್ತದೆ. ಪರೀಕ್ಷೆ ಅರ್ಧಕ್ಕೆ ಬರುವಾಗ ಕರೆಂಟ್ ಹೋಗುತ್ತದೆ, ಯುಪಿಎಸ್ ಕುಂಯ್ ಕುಂಯ್ ಎಂದು ಪ್ರಾಣ ಬಿಡುತ್ತದೆ, ಮತ್ತೆ ಮೊದಲಿಂದ ಶುರು. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ, “ಅಣ್ಣಾ, ಇವತ್ತು ರಾತ್ರಿ ಲೈನ್ ನಿಲ್ತದಾ?” ಎಂದು ಕೇಳಿದೆ. “ನನ್ನನ್ನು ಎಂತಕ್ಕೆ ಕೇಳ್ತೀರಿ? ಮರವನ್ನು ಕೇಳಿ” ಎಂದರು. ಮಳೆಯಲ್ಲಿ ಕಂಬ ಹತ್ತುವವರು, ಅವರಿಗೆ ಎದುರು ಮಾತಾಡಲು ನನಗೆ ಬಾಯಿಲ್ಲ.

ಇಷ್ಟು ಪಾಡು ಯಾಕೆಂದರೆ ಅಪ್ಪನ ಮಳೆ ಪುಸ್ತಕ. ದಿನಾ ಬೆಳಿಗ್ಗೆ ಅಂಗಳದ ಮಳೆ ಗೇಜ್ ನೋಡಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತಿದ್ದರು, ಇಲ್ಲಿಯ ತೋಟದವರೆಲ್ಲ ಬರೆಯುವ ಹಾಗೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮಾತ್ರ ಕೆಂಪು ಶಾಯಿ. ಪುಟಗಳಿಗೆ ಹುಳ ಬೀಳುವ ಮೊದಲು ಎಲ್ಲವನ್ನೂ ಎಕ್ಸೆಲ್ಲಿಗೆ ಏರಿಸಿಬಿಡೋಣ ಅಂತ ಹೊರಟಿದ್ದೆ. 2018ರ ಆಗಸ್ಟ್ ತಲುಪಿದಾಗ ಒಂದು ದಿನದ ಎದುರು ಅಂಕಿಯೇ ಇಲ್ಲ. ‘ಗೇಜ್ ತುಂಬಿ ಹೊರಗೆ ಹೋಗಿದೆ’ ಅಂತಷ್ಟೇ, ಅದೇ ನೆಟ್ಟಗಿನ ಅಕ್ಷರದಲ್ಲಿ. ಗುಡ್ಡಗಳೇ ಜಾರಿಹೋದ ಆ ವಾರದಲ್ಲೂ ಬೆಳಿಗ್ಗೆ ಕೊಡೆ ಹಿಡಿದು ಅಂಗಳಕ್ಕೆ ಇಳಿದಿದ್ದರಲ್ಲ ಅನ್ನಿಸಿತು. ಎಕ್ಸೆಲ್ಲಿನ ಆ ಚೌಕದಲ್ಲಿ ಸೊನ್ನೆ ಹಾಕುವಂತಿಲ್ಲ, ಖಾಲಿ ಬಿಡಲು ಮನಸ್ಸಿಲ್ಲ. ಹಾಗೇ ನೋಡುತ್ತ ಕೂತಿದ್ದಾಗ ಪರದೆ ನೀಲಿಯಾಯಿತು. ಆ ಸಲ ಸಪ್ಪೆ ಮೋರೆಯ ಮೇಲೆ ಸಿಟ್ಟು ಬರಲಿಲ್ಲ.

ಕಡೆಗೂ ಒಂದು ರಾತ್ರಿ ಮರಗಳು ಕರುಣೆ ತೋರಿದವು. ಹಳೇ ಪಟ್ಟಿ ಒಂದನ್ನೇ ಹಾಕಿದಾಗ ಎಲ್ಲ ಸುತ್ತೂ ಸ್ವಚ್ಛ. ಅದೇ ಜಾಗಕ್ಕೆ ಹೊಸದನ್ನು ಹಾಕಿದೆ ನೋಡಿ, ಪರದೆ ತುಂಬ ಕೆಂಪು ಗೆರೆ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಆ ಪಟ್ಟಿಯನ್ನೂ ಬಿಲ್ಲನ್ನೂ ಕಟ್ಟಿಕೊಂಡು ಬಸ್ ಹತ್ತಿದೆ.

ಹುಡುಗ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ಮೊಬೈಲಿನಲ್ಲಿ ರಿಫ್ರೆಶ್ ಸಿಗಲಿಲ್ಲವಾದ್ದರಿಂದ ಸ್ವಲ್ಪ ತಡವರಿಸಿದ. ಆಮೇಲೆ ತಾನೇ ಕಂಡುಹಿಡಿದವನ ಗತ್ತಿನಲ್ಲಿ, “ರ್‍ಯಾಮ್ ಹೋಗಿದೆ ಸರ್” ಎಂದ. ನನಗೆ ಉಸಿರು ಬಂತು. “ಥಂಡಿಗೆ” ಎಂದು ಸೇರಿಸಿದ.

ವಾರಂಟಿಯಲ್ಲಿ ಬದಲಿ ಕೊಡಲು ಒಪ್ಪಿದ್ದೇ ದೊಡ್ಡದು. ಬೆಂಗಳೂರಿಂದ ಬರಬೇಕಂತೆ. ನಿನ್ನೆ ಫೋನ್ ಮಾಡಿದರೆ, “ಘಾಟಿಯಲ್ಲಿ ಮಣ್ಣು ಕುಸಿದಿದೆ ಸರ್, ಕೊರಿಯರ್ ಲೇಟು” ಅಂದ. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ. ಇದರಲ್ಲಿ ಘಾಟಿ ಯಾವುದಪ್ಪಾ ಎಂದು ಕೇಳಿದೆ.

“ಹಲೋ? ಹಲೋ? ಸರ್, ಜೋರು ಮಳೆ, ನಿಮ್ಮ ವಾಯ್ಸ್ ಕಟ್ ಆಗ್ತಿದೆ” ಎಂದ. ಅವನ ಹಿಂದೆ ಯಾರೋ, ಬಿಸಿಲು ಹೊಡೀತಿದೆ, ಅಂಗಡಿಯ ಪರದೆ ಇಳಿಸೋ ಎಂದು ಕೂಗುತ್ತಿದ್ದರು.