ಮೊದಲಿನ ಅತ್ತೆ

ಬೆಳಿಗ್ಗೆಯಿಂದ ಒಂದು ಮಾತು ತಲೆಯಲ್ಲೇ ಕೂತಿದೆ. ಬರೆದರೆ ಹಗುರವಾಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಬಗ್ಗೆ ನಿಮ್ಮಲ್ಲಿ ಹಲವರಿಗೆ ಗೊತ್ತು. ನಿನ್ನೆ ರಾತ್ರಿ ಅಲ್ಲಿ ಒಬ್ಬರು ನನ್ನನ್ನು ಚುಚ್ಚಿ ಬರೆದರು. ಹೆಸರು ಹಾಕಿರಲಿಲ್ಲ, ಆದರೆ ಯಾರಿಗೆ ಅಂತ ಎಲ್ಲರಿಗೂ ಗೊತ್ತಾಗುವ ಹಾಗಿತ್ತು. ಓದಿದೆ. ಫೋನ್ ಪಕ್ಕಕ್ಕಿಟ್ಟು ಮಲಗಿದೆ. ನಿದ್ದೆಯೂ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅದರ ಕೆಳಗೆ ಅಣ್ಣನ ಮಗ ಬರೆದಿದ್ದ: "ಮೊದಲಿನ ಅತ್ತೆ ಆಗಿದ್ದರೆ ಸುಮ್ನೆ ಬಿಡ್ತಾನೇ ಇರಲಿಲ್ಲ. ಪಾಪ, ಈಗ ವಯಸ್ಸಾಯ್ತು."

ಪ್ರೀತಿಯಿಂದಲೇ ಬರೆದಿದ್ದಾನೆ, ಗೊತ್ತು. ಆದರೆ ಆ ಚುಚ್ಚುಮಾತಿಗೆ ಬಾರದ ಸಿಟ್ಟು ಈ "ಪಾಪ"ಕ್ಕೆ ಬಂತು.

ಯಾಕೆ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ? ಕೂಗಾಡಿದರೆ ಶಕ್ತಿ ಇದೆ, ಸುಮ್ಮನಿದ್ದರೆ ಸೋತಿದ್ದಾರೆ. ಮೂವತ್ತು ವರ್ಷದವಳು ಉತ್ತರ ಕೊಡದೆ ಬಿಟ್ಟರೆ ಅದು ತಾಳ್ಮೆ. ಅರವತ್ತೆರಡರವಳು ಬಿಟ್ಟರೆ ವಯಸ್ಸಾಯ್ತು! ನಾನು ಸುಮ್ಮನಿರುವುದನ್ನು ಕಲಿತಿದ್ದೇನೆ. ಕಷ್ಟಪಟ್ಟು ಕಲಿತಿದ್ದೇನೆ. ಅದು ಮಂಡಿನೋವಿನ ಜೊತೆ ತಾನಾಗಿ ಬಂದದ್ದಲ್ಲ.

ಸಿಟ್ಟು ನನಗೆ ಈಗಲೂ ಬರುತ್ತದೆ. ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಬಾಯಿ ಒಣಗುತ್ತದೆ. ಆಗ ನಾನು ಮಾಡುವುದು ಒಂದೇ ಕೆಲಸ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುತ್ತೇನೆ. ಉಸಿರು ಎಳೆದುಕೊಂಡಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ದೇಹ ಇರುವುದೇ ಹಾಗೆ. ಹತ್ತು ಸಲ ಹೀಗೆ ಬಿಡುವಷ್ಟರಲ್ಲಿ ನಾಲಿಗೆಯ ತುದಿಯಲ್ಲಿದ್ದ ಮಾತು ಹಿಂದಕ್ಕೆ ಹೋಗಿರುತ್ತದೆ. ಹೇಳಲು ಸುಲಭ. ರೂಢಿಯಾಗಲು ನನಗೆ ವರ್ಷಗಳೇ ಬೇಕಾದವು.

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಮಾಡಿಟ್ಟಿದ್ದಾರಲ್ಲ, ಅದರ ಮೇಲೂ ನನಗೆ ಕೋಪವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲಾರಾ ಕಾರ್ಸ್ಟೆನ್ಸನ್ ಎಂಬ ಮನೋವಿಜ್ಞಾನಿ ಇದ್ದಾರೆ. ಅವರ ತಂಡ 18ರಿಂದ 94 ವರ್ಷದವರೆಗಿನ 184 ಜನರಿಗೆ ಪೇಜರ್ ಕೊಟ್ಟು, ಒಂದು ವಾರ, ದಿನಕ್ಕೆ ಐದು ಸಲ, "ಈಗ ಮನಸ್ಸು ಹೇಗಿದೆ?" ಅಂತ ಕೇಳಿತು. ಕೆಲವು ವರ್ಷ ಬಿಟ್ಟು ಅವರಲ್ಲೇ ಅನೇಕರನ್ನು ಮತ್ತೆ ಕೇಳಿತು. ಈ ಅಧ್ಯಯನ ಹತ್ತು ವರ್ಷಕ್ಕೂ ಜಾಸ್ತಿ ನಡೆದು, 2011ರಲ್ಲಿ ಅದರ ಬರಹ ಬಂತು. ವಯಸ್ಸಾದಂತೆ ಮನಸ್ಸು ಕುಗ್ಗುತ್ತದೆ ಅಂತ ನಾವು ತಿಳಿದಿದ್ದೇವಲ್ಲ, ಅಲ್ಲಿ ಕಂಡದ್ದು ಅದರ ತಿರುವುಮುರುವು. ಬೇಸರ, ಸಿಟ್ಟು, ಕಳವಳದ ಗಳಿಗೆಗಳು ಹಿರಿಯರಲ್ಲಿ ಕಡಿಮೆಯಿದ್ದವು. ಮನಸ್ಸಿನ ಏರಿಳಿತವೂ ಕಡಿಮೆಯಿತ್ತು.

ದೇಹದ ಕಸುವು ಕಡಿಮೆಯಾಗುತ್ತದೆ, ಅದಕ್ಕೇ ತಣ್ಣಗಾಗುತ್ತಾರೆ ಅನ್ನುತ್ತೀರಾ? ಅದೇ ಕಾರ್ಸ್ಟೆನ್ಸನ್ ಮತ್ತು ಜೊತೆಯವರು ಇನ್ನೊಂದು ಪ್ರಶ್ನೆ ಕೇಳಿ ನೋಡಿದ್ದರು. ಅರ್ಧ ಗಂಟೆ ಬಿಡುವಿದ್ದರೆ ಯಾರ ಜೊತೆ ಕಳೆಯುತ್ತೀರಿ, ಹತ್ತಿರದವರ ಜೊತೆಯೋ ಹೊಸಬರ ಜೊತೆಯೋ? ಹಿರಿಯರು ಹೆಚ್ಚಾಗಿ ಹತ್ತಿರದವರು ಅಂದರು, ಚಿಕ್ಕವರಲ್ಲಿ ಆ ಒಲವು ಅಷ್ಟಿರಲಿಲ್ಲ. ಆದರೆ ಬೇಗ ದೂರದ ಊರಿಗೆ ಹೋಗಬೇಕಿದೆ ಅಂದುಕೊಳ್ಳಿ ಅಂತ ಹೇಳಿದಾಗ ಚಿಕ್ಕವರೂ ಅದನ್ನೇ ಆರಿಸಿದರು. ಇನ್ನೂ ಇಪ್ಪತ್ತು ವರ್ಷ ಆಯುಸ್ಸು ಜಾಸ್ತಿ ಸಿಕ್ಕಿದೆ ಅಂದುಕೊಳ್ಳಿ ಅಂತ ಹೇಳಿದಾಗ ಹಿರಿಯರ ಆಯ್ಕೆ ಚಿಕ್ಕವರ ಹಾಗಾಯಿತು. ನೋಡಿ, ಮಂಡಿ ಅದೇ, ಕಣ್ಣು ಅದೇ. ಬದಲಾದದ್ದು ಇನ್ನೆಷ್ಟು ಹೊತ್ತು ಉಳಿದಿದೆ ಅನ್ನುವ ಲೆಕ್ಕ ಮಾತ್ರ.

ನನ್ನ ಲೆಕ್ಕವೂ ಅಷ್ಟೇ. ಉಳಿದಿರುವ ರಾತ್ರಿಗಳಲ್ಲಿ ಒಂದನ್ನು ವಾಟ್ಸಾಪ್ ಜಗಳಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಇದನ್ನು ಸುಸ್ತು ಅಂತ ಕರೆಯಬೇಡಿ, ದಯವಿಟ್ಟು.

ಗೆಳತಿಯೊಬ್ಬಳು ಮಧ್ಯಾಹ್ನ ಫೋನಿನಲ್ಲಿ ಬೇರೆ ಮಾತು ಹೇಳಿದಳು. "ಮೆತ್ತಗಿದ್ದರೆ ಮತ್ತೊಂದು ಗುದ್ದು ಕಣೇ. ಎಲ್ಲರೂ ನಿನ್ನ ಹಾಗೆ ಸುಮ್ಮನಾದರೆ ಅನ್ಯಾಯ ಕೇಳುವವರು ಯಾರು?" ಅವಳ ಮಾತನ್ನು ನಾನು ತಳ್ಳಿಹಾಕಿದೆ. ಬೇರೆಯವರಿಗೆ ಅನ್ಯಾಯವಾದಾಗ ನಾನು ಸುಮ್ಮನಿದ್ದದ್ದು ಯಾವಾಗ? ನಾನು ಬಿಟ್ಟಿರುವುದು ನಾನೇ ಸರಿ ಅಂತ ಸಾಧಿಸುವ ಜಗಳವನ್ನು. ಎರಡನ್ನೂ ಒಂದೇ ಮಾಡಬಾರದು. ನ್ಯಾಯ ಅಂತ ಹೇಳಿಕೊಂಡು ನಾನು ಆಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ನನ್ನ ಹಟಕ್ಕಾಗಿ ಆಡಿದವು.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಅಮ್ಮ ಹೋದ ಹದಿನೈದು ದಿನಕ್ಕೆ ಅಣ್ಣ ಒಂದು ಮಾತು ಅಂದ. "ನೀನು ಬಂದು ಹೋಗುವವಳು, ನೋಡಿಕೊಂಡವನು ನಾನು." ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ. ಅವನು ತಲೆ ತಗ್ಗಿಸಿ ಒಳಗೆ ಹೋದ. ಗೆದ್ದೆ ಅನ್ನಿಸಿತು. ಆಮೇಲೆ ಒಂಬತ್ತು ವರ್ಷ ನಾವು ಮಾತಾಡಲಿಲ್ಲ. ಅವನು ಮಾಡಲಿ ಅಂತ ನಾನು, ನಾನು ಮಾಡಲಿ ಅಂತ ಅವನು. ಕೊನೆಗೊಂದು ಸಂಜೆ ನಾನೇ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದ. ಹಳೆಯದು ಏನೂ ಎತ್ತಲಿಲ್ಲ. "ಮಂಡಿನೋವು ಹೇಗಿದೆ ಈಗ?" ಅಂತ ಕೇಳಿದ. ನನಗೆ ಮಂಡಿನೋವು ಶುರುವಾದದ್ದೇ ಮಾತು ಬಿಟ್ಟ ನಾಲ್ಕು ವರ್ಷದ ಮೇಲೆ. ಯಾರಿಂದ ಕೇಳಿ ತಿಳಿದುಕೊಳ್ಳುತ್ತಿದ್ದನೋ! ಆ ರಾತ್ರಿ ನಾನು ಅತ್ತಷ್ಟು ಅಮ್ಮ ಹೋದಾಗಲೂ ಅತ್ತಿರಲಿಲ್ಲ.

ಅವನ ಮಗ ಮೆಚ್ಚುವ "ಮೊದಲಿನ ಅತ್ತೆ" ಅವಳೇ. ಸುಮ್ಮನೆ ಬಿಡದವಳು. ಅವನ ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತರವರೆಗಿನ ಒಂದು ಫೋಟೋದಲ್ಲೂ ಅವಳಿಲ್ಲ.

ಗುಂಪಿನಲ್ಲಿ ಉತ್ತರ ಬರೆಯಲಿಲ್ಲ. ಸಂಜೆ ಅವನಿಗೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಅತ್ತೆ, ಅಪ್ಪನ ಮೇಲೆ ಈಗಲೂ ಸಿಟ್ಟಿದೆಯಾ?"

"ಇದೆ, ಸ್ವಲ್ಪ ಇದೆ," ಅಂದೆ. "ನಾಳೆ ಅವನಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿದೆ ಅಲ್ವಾ? ಜೊತೆಗೆ ನಾನು ಬರ್ತೀನಿ ಅಂತ ಹೇಳು."