ಕೊಪ್ಪೆ ಹಾಕಿದವರೆಲ್ಲ ಕೊಲೆಗಾರರಲ್ಲ

ಜುಲೈ ತಿಂಗಳ ಕೊಡಗಿನಲ್ಲಿ ಮನೆಯೊಳಗೆ ಮಾಡುವ ಕೆಲಸ ಮೂರೇ: ಕಾಫಿ ಕುಡಿಯುವುದು, ಕರೆಂಟ್ ಯಾವಾಗ ಬರುತ್ತದೆಂದು ಪಕ್ಕದ ತೋಟದವರಿಗೆ ಫೋನ್ ಮಾಡುವುದು, ನೆಟ್‌ವರ್ಕ್ ಸಿಗದೆ ಮತ್ತೆ ಕಾಫಿ ಕುಡಿಯುವುದು. ನಾಲ್ಕನೆಯದೂ ಬೇಕೆನ್ನುವವರಿಗೆ ‘ಡೆಡ್ಲಿ ಪ್ರಿಮೊನಿಷನ್ 2’ ಎಂಬ ಕೊಲೆ ತನಿಖೆಯ ವಿಡಿಯೊ ಗೇಮ್ ಇದೆ. ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ನಿಂಟೆಂಡೊ ಸ್ವಿಚ್‌ಗೆ ಅದು ಬಂದದ್ದು 2020ರ ಜುಲೈ 10ಕ್ಕೆ. ನಮ್ಮ ಮಳೆಗಾಲ ನೋಡಿಯೇ ಮುಹೂರ್ತ ಇಟ್ಟಹಾಗಿತ್ತು.

2010ರ ಮೊದಲ ಆಟದ ಕೊಲೆಗಾರ ಮಳೆ ಬಂದರೆ ಕೆಂಪು ರೇನ್‌ಕೋಟ್ ತೊಟ್ಟು ಹೊರಡುತ್ತಾನೆ. ಪುಣ್ಯಕ್ಕೆ ಕತೆ ಅಮೆರಿಕದ್ದು. ಭಾಗಮಂಡಲದಲ್ಲಿ ನಡೆದಿದ್ದರೆ ಹಾಲಿನವರು, ಲೈನ್‌ಮ್ಯಾನ್, ಕಣಿಲೆ ಮಾರುವವರು, ನಾಟಿಗೆ ಹೊರಟ ಗದ್ದೆಯಷ್ಟು ಜನ, ಕೊಪ್ಪೆ ಹಾಕಿದ ಎಲ್ಲರನ್ನೂ ಠಾಣೆಗೆ ಕರೆಸಬೇಕಾಗುತ್ತಿತ್ತು.

ಎರಡನೆಯದು ನಡೆಯುವುದು ಲೂಯಿಸಿಯಾನಾದ ಲ ಕಾರೆ ಎಂಬ ಕಾಲ್ಪನಿಕ ಊರಿನಲ್ಲಿ, 2005ರಲ್ಲಿ. ನಡುನಡುವೆ 2019ರ ಬಾಸ್ಟನ್. ಆರಂಭದಲ್ಲಿ ಬಾಸ್ಟನ್ನಿನ ಕೋಣೆಯಲ್ಲಿ ಮಾತು, ಮಾತು, ಮಾತು. ಮದುವೆ ಮನೆಯಲ್ಲಿ ದೂರದ ಮಾವನ ಪಕ್ಕ ಕೂತಂತೆ, ಎದ್ದು ಹೋಗುವ ಹಾಗಿಲ್ಲ. ಅದನ್ನು ದಾಟಿದರೆ ಊರು ತೆರೆದುಕೊಳ್ಳುತ್ತದೆ. ಎಫ್‌ಬಿಐ ಏಜೆಂಟ್ ಆಗಿರುವ ನಾಯಕ ಯಾರ್ಕ್ ಇಲ್ಲಿ ಸ್ಕೇಟ್‌ಬೋರ್ಡ್ ಹತ್ತಿ ತನಿಖೆಗೆ ಹೊರಡುತ್ತಾನೆ, ಕೋಟು ಟೈ ಸಮೇತ. ಕಣ್ಣಿಗೆ ಕಾಣದ ‘ಝಾಕ್’ ಜೊತೆ ಹಳೇ ಸಿನಿಮಾಗಳ ಬಗ್ಗೆ ಹರಟುತ್ತಾನೆ. ಆ ಹರಟೆಗಾಗಿಯೇ ಆಟವನ್ನು ಸಹಿಸಬಹುದು.

ಸಹಿಸಬೇಕಾದದ್ದು ಬೀದಿಯಲ್ಲಿದೆ: ಅಲ್ಲಿ ಪರದೆಯ ಚಿತ್ರ ತಡವರಿಸುತ್ತದೆ. ಸೆಕೆಂಡಿಗೆ 30 ಚಿತ್ರ ಮೂಡಿದರೆ ಒಂದೊಂದಕ್ಕೆ 33 ಮಿಲಿಸೆಕೆಂಡ್. 15ಕ್ಕೆ ಇಳಿದರೆ 67. ಆಗ ನೀವು ಒತ್ತಿದ ಬಟನ್‌ಗೂ ಯಾರ್ಕ್ ತಿರುಗುವುದಕ್ಕೂ ನಡುವೆ ವಿದ್ಯುತ್ ಕಂಬ ಬಂದು ನಿಂತಿರುತ್ತದೆ. ಬೋರ್ಡು ಓಡಿದಷ್ಟೂ ಮುಂದಿನ ಮನೆ, ಮರ, ಬೇಲಿಯನ್ನೆಲ್ಲ ಯಂತ್ರ ಹೊತ್ತು ತರಬೇಕು. ಸ್ವಿಚ್‌ನಲ್ಲಿರುವುದು ಒಟ್ಟು 4 ಜಿಬಿ ಮೆಮೊರಿ. ಲೆಕ್ಕಾಚಾರಕ್ಕೂ ಚಿತ್ರಕ್ಕೂ ಅದೇ ಒಂದು ಗೂಡು. ಅದಕ್ಕೇ ಇರಬೇಕು, ಕೋಣೆಯೊಳಗೆ ಯಾರ್ಕ್ ಸಲೀಸು, ಬೀದಿಗಿಳಿದರೆ ಕೆಸರುಗದ್ದೆ. ತಿರುವಿಗೆ ಸ್ವಲ್ಪ ಮೊದಲೇ ಸ್ಟಿಕ್ ವಾಲಿಸಿ. ಮಡಿಕೇರಿ ಘಾಟಿಯಲ್ಲಿ ಜೀಪು ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಕರೆಂಟು. 2017ರ ಸ್ವಿಚ್‌ನ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ, 2019ರ ಪರಿಷ್ಕೃತ ಮಾದರಿಯದ್ದು ನಾಲ್ಕೂವರೆಯಿಂದ ಒಂಬತ್ತು ಗಂಟೆ ಎಂದು ಕಂಪನಿಯ ಲೆಕ್ಕ. ಇಷ್ಟು ಭಾರದ ಆಟಕ್ಕೆ ಕಡಿಮೆಯ ಅಂಕಿಯನ್ನೇ ನಂಬಿ. ಸ್ಲೀಪ್ ಮೋಡ್‌ನಲ್ಲಿಟ್ಟು ಮಲಗಿದರೆ ಆಟ ಮೆಮೊರಿಯಲ್ಲಷ್ಟೇ ಉಳಿದಿರುತ್ತದೆ; ಮೂರು ದಿನ ಕರೆಂಟಿಲ್ಲದೆ ಬ್ಯಾಟರಿ ಪೂರ್ತಿ ಇಳಿದರೆ ಸೇವ್ ಮಾಡದ ತನಿಖೆಯೂ ಇಳಿದುಹೋಗುತ್ತದೆ. ತೇವದ್ದು ಬೇರೆ ಕಾಟ. ಚಪ್ಪಲಿ, ಬೆಲ್ಟಿಗೆ ಬೂಸ್ಟು ಹಿಡಿಯುವ ಹವೆ ಚಾರ್ಜಿಂಗ್ ಕಿಂಡಿಯನ್ನೂ ಬಿಡುವುದಿಲ್ಲ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬ ಬೇಡ, ಹುಡಿ ಒಳಹೊಕ್ಕರೆ ಫ್ಯಾನ್ ಕಡಂಬಿಟ್ಟಿನ ಹಿಟ್ಟು ಬೀಸತೊಡಗುತ್ತದೆ. ಒಲೆದಂಡೆಯ ಮೇಲೆ ಒಣಗಿಸುವ ಆಲೋಚನೆಯನ್ನಂತೂ ಬಿಟ್ಟೇಬಿಡಿ.

ಆಟದ ಒಂದು ಟ್ರಾನ್ಸ್ ಪಾತ್ರವನ್ನು ಚಿತ್ರಿಸಿದ ರೀತಿಗೆ ಟೀಕೆ ಬಂದಾಗ ನಿರ್ದೇಶಕ ಸ್ವೆರಿ ಕ್ಷಮೆ ಕೇಳಿ ಆ ದೃಶ್ಯವನ್ನು ತಿದ್ದಿದರು. ಬೀದಿಯ ತಡವರಿಕೆಗೆ ಅಷ್ಟು ಸುಲಭದ ಮದ್ದು ಸಿಗಲಿಲ್ಲ. 2022ರಲ್ಲಿ ಆಟ ಪಿಸಿಗೂ ಬಂತು. ಆದರೆ ಕರೆಂಟ್ ಹೋದ ಮನೆಯಲ್ಲಿ ಡೆಸ್ಕ್‌ಟಾಪ್ ಎಂದರೆ ಬೆಕ್ಕು ಮಲಗುವ ಪೆಟ್ಟಿಗೆ.

ಲೋಡಿಂಗ್ ಪರದೆ ಬಂದಾಗ ಒಲೆಯ ಮೇಲೆ ಹಾಲಿಡಬೇಡಿ. ಯಾವುದು ಮೊದಲು ಉಕ್ಕುತ್ತದೆಂದು ಹೇಳಲಾಗದು. ಹಾಲು ಬೇಡದ ಬೆಲ್ಲದ ಕಾಫಿಯೇ ಕ್ಷೇಮ. ಒಂದೇ ತೊಂದರೆಯೆಂದರೆ, ಮೊದಲ ಆಟದಲ್ಲಿ ಯಾರ್ಕ್ ಹಾಲು ಬಿಟ್ಟ ಕಾಫಿಯ ಸುಳಿಯಲ್ಲಿ ಅಕ್ಷರ ಕಂಡು ಸುಳಿವು ಹಿಡಿಯುತ್ತಾನೆ. ಬೆಲ್ಲದ ಕಾಫಿಯ ಲೋಟದಲ್ಲಿ ಕಾಣುವುದು ಗಸಿ ಮಾತ್ರ.